ಯಾರೂ ಮುಟ್ಟಿಲ್ಲ

"ಯಾರಾದ್ರೂ ಮುಟ್ಟಿದ್ರಾ?" ಎಂದು ರಿಪೇರಿಗೆ ಬಂದವಳು ಕೇಳಿದಳು.

"ಯಾರೂ ಮುಟ್ಟಿಲ್ಲ," ಎಂದ ಗ್ರಂಥಪಾಲಕ.

ಮೂವತ್ತೇಳು ವರ್ಷದ ಬಾಳಿನಲ್ಲಿ ಅವನು ಹೇಳಿದ ಸುಳ್ಳುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಇಷ್ಟು ಸಲೀಸಾಗಿ ಬಾಯಿಂದ ಜಾರಿದ್ದು ಇದೊಂದೇ. ಜಾರಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಮತ್ತೆ ಬಾಯಿ ತೆರೆದ. ಅಷ್ಟರಲ್ಲಿ ಅವಳು ತುರುಬಿಗೆ ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರನ್ನು ಎಳೆದು ತೆಗೆದಳು. ಕೂದಲು ಸುರುಳಿ ಬಿಚ್ಚಿಕೊಂಡು ಭುಜದ ಮೇಲೆ ಬಿತ್ತು. ಅವನ ಬಾಯಿ ತೆರೆದೇ ಉಳಿಯಿತು.

ಅದು ಕೇಳುವ ಪುಸ್ತಕಗಳ ಗ್ರಂಥಾಲಯ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ, ರೆಕಾರ್ಡ್ ಮಾಡಿ ಇಟ್ಟುಕೊಳ್ಳುವ ಜಾಗ. ಮುಂದೆ ಹಜಾರ, ಹಿಂದೆ ದಪ್ಪ ಪರದೆ ಇಳಿಬಿಟ್ಟ ಓದುವ ಕೋಣೆ, ಎರಡರ ನಡುವಿನ ಇಕ್ಕಟ್ಟಿನಲ್ಲಿ ಒಂದು ಯಂತ್ರ. ಸಾವಿರದ ಆರುನೂರು ಪುಸ್ತಕಗಳು ಅದರ ಹೊಟ್ಟೆಯಲ್ಲಿದ್ದವು. ಆ ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು ಮೂಡಿಸಿ, ಹಟ ಹಿಡಿದ ಮಗುವಿನಂತೆ ಪೀಂ ಪೀಂ ಎಂದು ಅರಚತೊಡಗಿತು.

ಸುಳ್ಳಿನ ಬೇರು ಶನಿವಾರದಲ್ಲಿತ್ತು.

ವರ್ಷಕ್ಕೊಮ್ಮೆ ಗ್ರಂಥಾಲಯದ ವಸ್ತುಗಳನ್ನೆಲ್ಲ ಎಣಿಸಿ, ನಂಬರ್ ಅಂಟಿಸಿ, ಪಟ್ಟಿ ಮಾಡಬೇಕೆಂಬುದು ನಿಯಮ. ಬೇರೆಯವರಾದರೆ ಮೇಜು ಕುರ್ಚಿಗಳಿಗೆ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಹಾಗಲ್ಲ. ಗೋಡೆ ಗಡಿಯಾರ, ಪೊರಕೆ, ಬಾಗಿಲಿಗೆ ಒತ್ತು ಕೊಡುವ ಕಲ್ಲು, ಎಲ್ಲಕ್ಕೂ ದುಂಡನೆಯ ಅಕ್ಷರದಲ್ಲಿ ನಂಬರ್ ಬೀಳಲೇಬೇಕು. ಒಂದು ಸಲ ಯಾರೋ ಮರೆತುಹೋಗಿದ್ದ ಕೊಡೆಗೂ ಬಿದ್ದು, ಆ ಹೆಂಗಸು ಸಹಿ ಹಾಕಿ ತನ್ನ ಕೊಡೆಯನ್ನು ತಾನೇ ಎರವಲು ಪಡೆದುಕೊಂಡು ಹೋಗಬೇಕಾಯಿತು. ಹಿಂದಿನಿಂದ ಎಲ್ಲರೂ ಅವನನ್ನು ಲೇಬಲಪ್ಪ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಶನಿವಾರ ಸಂಜೆ ಯಂತ್ರದ ಸರದಿ ಬಂದಾಗ ಅದನ್ನು ಆರಿಸಿ, ಮುಂದಿನ ಮುಚ್ಚಳ ತೆರೆದ. ಒಳಗೆ ಒಂದರ ಪಕ್ಕ ಒಂದರಂತೆ ನಾಲ್ಕು ಪುಟ್ಟ ಡ್ರಾಯರುಗಳು ಕಂಡವು. ಡ್ರಾಯರ್ ಕಂಡ ಮೇಲೆ ಎಳೆಯದೆ ಬಿಡುವುದು ಗ್ರಂಥಪಾಲಕನ ಜಾಯಮಾನವಲ್ಲ. ಒಂದೊಂದನ್ನೇ ಎಳೆದು, ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಬದಿಗೆ ಒಂದೊಂದು ದಪ್ಪ ಲೇಬಲ್ ಅಂಟಿಸಿ, ಯಾವುದು ಎಲ್ಲಿತ್ತೋ ಅಲ್ಲಿಯೇ ತೂರಿಸಿದ. ಎದೆಯುಬ್ಬಿಸಿಕೊಂಡೇ ಮನೆಗೆ ಹೋದ.

ಈಗ ಅದೇ ಎದೆಯೊಳಗೆ ಪೀಂ ಪೀಂ.

"ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದು ಅವಳು ಟಿಪ್ಪಣಿ ಪುಸ್ತಕ ತೆರೆದಳು. "ಮೊದಲನೇ ಪ್ರಶ್ನೆ ಇದೇ. ಯಾರೂ ಮುಟ್ಟಿಲ್ಲ ಅಂತ ಹೇಳದ ಗಿರಾಕಿ ಒಬ್ಬರೂ ಸಿಕ್ಕಿಲ್ಲ. ಒಬ್ಬರ ಕಂಪ್ಯೂಟರ್ ಒಳಗೆ ಚಮಚ ಸಿಕ್ತು. ಯಾರೂ ಮುಟ್ಟಿಲ್ಲ ಅಂದ್ರು."

"ಚಮಚಾನಾ?"

"ಸಕ್ಕರೆ ಇನ್ನೂ ಅಂಟಿಕೊಂಡಿತ್ತು." ಅವಳು ಸುತ್ತ ಕಣ್ಣಾಡಿಸಿದಳು. ಪೊರಕೆಯ ನಂಬರಿನ ಮೇಲೆ ಅವಳ ನೋಟ ಒಂದು ಗಳಿಗೆ ನಿಂತಿತು. "ಆದ್ರೆ ನಿಮ್ಮ ಮಾತು ನಂಬ್ತೀನಿ ಸರ್. ಪೊರಕೆಗೂ ಲೆಕ್ಕ ಇಡೋ ಮನುಷ್ಯ ಸುಳ್ಳು ಯಾಕೆ ಹೇಳ್ತಾನೆ."

ಪುಸ್ತಕದಲ್ಲಿ ಅವಳು ಬರೆದದ್ದು ಅವನಿಗೆ ತಲೆಕೆಳಗಾಗಿಯೇ ಕಾಣಿಸಿತು. 'ಮುಟ್ಟಿದವರು: ಯಾರೂ ಇಲ್ಲ. (ನಂಬಬಹುದು.)'

ಆ ಎರಡನೆಯ ಮಾತನ್ನು ಅವನು ಎರಡು ಸಲ ಓದಿಕೊಂಡ.

ಎರಡು ವರ್ಷದ ಹಿಂದೆ ಆ ಯಂತ್ರವನ್ನು ತಂದು ನಿಲ್ಲಿಸಿದವಳೂ ಅವಳೇ. ಮೂರು ಬೀದಿಯಾಚೆ ಅವಳ ರಿಪೇರಿ ಅಂಗಡಿ. ಮೊದಮೊದಲು ವೈರು ಸರಿ ಮಾಡಲು, ಅದು ಇದು ನೋಡಲು ಆಗಾಗ ಬರುತ್ತಿದ್ದಳು. ಆಮೇಲೆ ಒಂದೂ ಕಾಲು ವರ್ಷ ಯಂತ್ರ ಕೆಮ್ಮಲಿಲ್ಲ, ಸೀನಲಿಲ್ಲ. ಅದರ ಆರೋಗ್ಯದಿಂದ ದುಃಖಪಟ್ಟವನು ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು. ಒಂದೆರಡು ಸಲ ಯಂತ್ರದ ಮುಂದೆ ನಿಂತು, ಏನಾದರೂ ಸಣ್ಣದು ಕೆಡಬಾರದೇ ಎಂದುಕೊಂಡದ್ದುಂಟು. ದೇವರು ಕೆಲವು ಬೇಡಿಕೆಗಳನ್ನು ತಡವಾಗಿ, ಅಳತೆ ಮೀರಿ ನಡೆಸಿಕೊಡುತ್ತಾನೆ.

ಅವಳು ಮೊದಲು ಅರಚಾಟ ನಿಲ್ಲಿಸಿದಳು. ಹಜಾರದಿಂದ "ಪುಣ್ಯ ಬರಲಿ ತಾಯಿ" ಎಂಬ ದನಿ ಕೇಳಿತು. ಅಲ್ಲಿ ಮೂಲೆಯ ಕುರ್ಚಿಯಲ್ಲಿ ಮೇಷ್ಟ್ರು ಕುಳಿತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿ, ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡವರು. ದಿನವೂ ಹತ್ತಕ್ಕೆ ಬಂದು, ಒಂದು ಅಧ್ಯಾಯ ಕೇಳಿ, ಹನ್ನೊಂದಕ್ಕೆ ಹೊರಡುವವರು.

ಯಂತ್ರದ ಬೆನ್ನಿಗೆ ಚುಚ್ಚಿದ್ದ ಪೆನ್‌ಡ್ರೈವನ್ನು ಅವಳು ಕಿತ್ತಳು. ಕೆಲವೊಮ್ಮೆ ಯಂತ್ರ ತನ್ನ ಡಿಸ್ಕು ಬಿಟ್ಟು ಅದರಿಂದ ಏಳಲು ಹೋಗುತ್ತದಂತೆ. ಈ ಸಲ ಅದೂ ಅಲ್ಲ. ಮತ್ತೆ ಹಚ್ಚಿದಳು, ಆರಿಸಿದಳು, ಹಚ್ಚಿದಳು. ಹುಬ್ಬು ಗಂಟಿಕ್ಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಗಲ್ಲ ತಟ್ಟಿಕೊಂಡಳು. ಆ ಗಲ್ಲದ ಮೇಲೆ ಚಿಕ್ಕದೊಂದು ಎಣ್ಣೆಯ ಕಲೆ ಇತ್ತು. ಅದನ್ನು ಹೇಳುವುದೋ ಬಿಡುವುದೋ ಎಂದು ಅವನು ಕಾಲು ಗಂಟೆ ಯೋಚಿಸಿ ಬಿಟ್ಟ.

"ನೋಡಿ ಸರ್, ಇಲ್ಲಿ ನಾಲ್ಕು ಡಿಸ್ಕ್ ಇವೆ. ಅವುಗಳ ಮೇಲೆ ಒಂದು ಕಾರ್ಡ್. ರೇಡ್ ಕಾರ್ಡ್ ಅಂತಾರೆ. ಅದು ಮನೆ ಯಜಮಾನ, ಇವು ನಾಲ್ಕು ಮಕ್ಕಳು ಅಂದ್ಕೊಳ್ಳಿ. ಪ್ರತಿ ಪುಸ್ತಕಾನೂ ಚೂರು ಮಾಡಿ ನಾಲ್ವರ ಕೈಗೂ ಹಂಚಿರುತ್ತೆ. ಒಬ್ಬ ಹೋದ್ರೂ ಉಳಿದ ಮೂವರು ನೆನಪು ಮಾಡ್ಕೊಂಡು ಪೂರ್ತಿ ಕತೆ ಹೇಳ್ತಾರೆ. ಇಬ್ಬರು ಹೋದ್ರೆ ಯಾರ ಹತ್ರನೂ ಪೂರ್ತಿ ಕತೆ ಇರಲ್ಲ. ಆಗ ಯಂತ್ರ ಏಳಲ್ಲ."

"ಈಗ ಎಷ್ಟು ಜನ ಇದಾರೆ?"

"ಅದೇ ವಿಚಿತ್ರ. ಒಂದು ಸಲ ಮೂರು ಅನ್ನುತ್ತೆ, ಒಂದು ಸಲ ಎರಡು ಅನ್ನುತ್ತೆ. ಹಾಜರಿ ಕರೆಯುವಾಗ ಹುಡುಗರು ಬೆಂಚಿನ ಕೆಳಗೆ ಅಡಗಿದ ಹಾಗೆ." ಅವಳು ತಿರುಗಿ ನೋಡಿದಳು. "ಕಾಪಿ ಇಟ್ಟಿದೀರಲ್ಲ?"

"ಮುಗಿದ ಪುಸ್ತಕಗಳದ್ದೆಲ್ಲ ಮುಖ್ಯ ಕಚೇರಿಯಲ್ಲಿದೆ."

"ಹಾಗಾದ್ರೆ ಚಿಂತೆ ಇಲ್ಲ."

"ಮುಗಿಯದ್ದು ಒಂದಿದೆ," ಎಂದ ಅವನು. ದನಿ ಸ್ವಲ್ಪ ಇಳಿಯಿತು. "ಅಪ್ಪ ಓದಿದ್ದು."

ಅವಳ ಮುಖದ ಬಿಗಿ ಸಡಿಲಿತು. ಅವನ ಅಪ್ಪನನ್ನು ಅವಳು ಬಲ್ಲಳು. ಬಸ್ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಮಗನ ಬಲವಂತಕ್ಕೆ ಓದಲು ಕುಳಿತು, ಅದರ ರುಚಿ ಹತ್ತಿ, ಒಂದು ದೊಡ್ಡ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದರು. ಪ್ರತಿ ಅಧ್ಯಾಯಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಆಮೇಲೆ ನಿಲ್ದಾಣದ ಹೆಸರು ಕೂಗುವ ಅಭ್ಯಾಸದಲ್ಲಿ ಅಧ್ಯಾಯದ ಸಂಖ್ಯೆಯನ್ನು ಎರಡು ಸಲ ಕೂಗುತ್ತಿದ್ದರು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಅಧ್ಯಾಯ ಮುಗಿಸಿದ ಮರುವಾರ ತೀರಿಕೊಂಡರು. ಪೂರ್ತಿಯಾಗದ ಪುಸ್ತಕಕ್ಕೆ ನಂಬರ್ ಕೊಡುವಂತಿಲ್ಲ, ಎಲ್ಲಿಗೂ ಕಳಿಸುವಂತಿಲ್ಲ. ಆ ಗ್ರಂಥಾಲಯದಲ್ಲಿ ನಂಬರ್ ಇಲ್ಲದ ವಸ್ತು ಅದೊಂದೇ.

ಅದು ಆ ಯಂತ್ರ ಬಿಟ್ಟು ಬೇರೆಲ್ಲೂ ಇರಲಿಲ್ಲ. ಅಪ್ಪನ ದನಿಯೂ ಬೇರೆಲ್ಲೂ ಇರಲಿಲ್ಲ. "ಒಂದು ಸಲ ಕೇಳಿಸೋ ಪುಟ್ಟಾ" ಎಂದು ಅಕ್ಕ ಹದಿನಾಲ್ಕು ತಿಂಗಳಿನಿಂದ ಕೇಳುತ್ತಿದ್ದಳು. ನಾಳೆ ಎನ್ನುತ್ತಿದ್ದ. ಮೇಷ್ಟ್ರಿಗೂ ಹದಿನೆಂಟು ಅಧ್ಯಾಯ ಕೇಳಿಸಿ, ಹತ್ತೊಂಬತ್ತು ಹಾಕದೆ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಕೊನೆಯದನ್ನು ಕೇಳಿಬಿಟ್ಟರೆ ಇನ್ನು ಕೇಳುವುದು ಏನೂ ಉಳಿಯುವುದಿಲ್ಲವಲ್ಲ. ಮೇಷ್ಟ್ರು ಈಗ ನಾಲ್ಕನೆಯ ಸುತ್ತಿನಲ್ಲಿದ್ದರು. ಮುಂದೇನಾಯಿತು ಎಂದು ಒಂದು ಸಲವೂ ಕೇಳಿರಲಿಲ್ಲ.

"ಡಿಸ್ಕ್ ಎಳೆದು ನೋಡಬಹುದು," ಎಂದಳು ಅವಳು. "ಆದ್ರೆ ಅರ್ಧ ಜೀವದಲ್ಲಿರೋ ಡಿಸ್ಕನ್ನ ಸುಮ್ಮನೆ ಎಳೀಬಾರದು. ಹೊಸದರಲ್ಲಿ ನಾನು ಹಾಗೆ ಮಾಡಿ ಒಂದು ಸ್ಟುಡಿಯೋದ ಮದುವೆ ಫೋಟೋ ಎಲ್ಲ ಹೋಯ್ತು. ಇವತ್ತಿಗೂ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೀತೀನಿ. ಯಾರೂ ಮುಟ್ಟಿಲ್ಲ ಅಂದ ಮೇಲೆ ಡಿಸ್ಕ್ ಕೂತಿರೋದು ಸರಿಯಾಗೇ ಇರುತ್ತೆ. ಯಜಮಾನನಿಗೇ ಅರಳುಮರಳು. ನಾಳೆ ಹೊಸ ಕಾರ್ಡ್ ತರ್ತೀನಿ."

ಬಾಗಿಲ ಬಳಿ ನಿಂತು, ಕೂದಲು ಸುತ್ತಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಳು. "ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ? ಅಪ್ಪನ್ನ ಹುಡುಕಿ ಕೊಡ್ತೀನಿ."

ಅವನು ತಲೆಯಾಡಿಸಿದ. ಈಗ ಹೇಳು ಎಂದಿತು ಮನಸ್ಸು. "ನಿಮ್ಮ ಗಲ್ಲದ ಮೇಲೆ ಎಣ್ಣೆ ಇದೆ," ಎಂದಿತು ಬಾಯಿ.

*

ಮರುದಿನ ಮೇಷ್ಟ್ರು ಒಂಬತ್ತೂವರೆಗೇ ಬಂದರು. ಕೋಲು ಗೋಡೆಗೊರಗಿಸಿ, ಕುಳಿತು, ಗಂಟಲು ಸರಿಮಾಡಿಕೊಂಡರು.

"ಒಂದು ಲೆಕ್ಕ ಕೇಳ್ತೀನಿ, ಹೇಳಪ್ಪ. ಶನಿವಾರ ಮಳೆ ಅಂತ ನಾನು ಸಂಜೆವರೆಗೂ ಇಲ್ಲೇ ಕೂತಿದ್ದೆ. ಗೋಂದಿನ ವಾಸನೆ ಹಜಾರದಲ್ಲಿ ಹುಟ್ಟಿ, ಬಾಗಿಲ ಕಲ್ಲಿನ ಹತ್ರ ಸುಳಿದು, ಯಂತ್ರದ ಕೋಣೆಗೆ ಹೋಯ್ತು. ಆಮೇಲೆ ಏನೋ ಎಳೆದ ಸದ್ದು. ಕಟಕ್ ಅಂತ ನಾಲ್ಕು ಸಲ."

ಗ್ರಂಥಪಾಲಕನ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು.

"ಆಮೇಲೆ ತಿರುಗಿ ಕೂರಿಸಿದ ಸದ್ದು. ಕಟಕ್ ಅಂತ ಎರಡು ಸಲ. ನಾಲ್ಕರಲ್ಲಿ ಎರಡು ಕಳೆದರೆ ಎಷ್ಟು?"

"ಎರಡು, ಮೇಷ್ಟ್ರೇ."

"ಆ ಎರಡು ಕಟಕ್ ಎಲ್ಲಿ?"

ಮೂರನೇ ಕ್ಲಾಸಿನ ಹುಡುಗನಂತೆ ಅವನು ನೆಲ ನೋಡಿದ. ಬಟ್ಟೆಯ ಬೆನ್ನಿನ ದಪ್ಪ ಲೇಬಲ್ ಕಣ್ಣ ಮುಂದೆ ಬಂತು. ಕೊನೆಯ ಎರಡಕ್ಕೆ ಹೊಸ ಕಟ್ಟಿನಿಂದ ತೆಗೆದದ್ದು, ಇನ್ನೂ ದಪ್ಪ. ಒಳಗೆ ತೂರಿಸುವಾಗ ಸ್ವಲ್ಪ ಬಿಗಿಯಾಗಿತ್ತು. ಗೋಂದು ಒಣಗಿದ ಮೇಲೆ ಸರಿಹೋಗುತ್ತದೆ ಎಂದುಕೊಂಡು ಬಿಟ್ಟಿದ್ದ.

"ರಿಪೇರಿಯವರು ಬಂದ ಕೂಡಲೇ ಹೇಳಿಬಿಡ್ತೀನಿ."

"ನಿನ್ನೆ ಯಾಕೆ ಹೇಳಲಿಲ್ಲ?"

"ನಿನ್ನೆ ಅವರು ನನ್ನ ಮಾತು ನಂಬ್ತೀನಿ ಅಂದ್ರು."

"ಅರ್ಥವಾಯ್ತು," ಎಂದರು ಮೇಷ್ಟ್ರು. "ಕಷ್ಟದ ಲೆಕ್ಕವೇ."

ಹೇಳುವ ಮಾತನ್ನು ಅವನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡ. ಐದನೆಯ ಸಲಕ್ಕೆ ಬಾಗಿಲು ತೆರೆಯಿತು. ಬಂದವಳು ಅವಳೊಬ್ಬಳೇ ಅಲ್ಲ. ಹಿಂದೆ ಅಕ್ಕನೂ ಇದ್ದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಎದುರಿಗೆ ಸಿಕ್ಕವರನ್ನೆಲ್ಲ ರೋಗಿಗಳೆಂದೇ ತಿಳಿದು ಮಾತಾಡುವವಳು. ಮರೆತುಹೋದ ಊಟದ ಡಬ್ಬಿ ಕೊಡಲು ಬಂದಿದ್ದಳು.

"ದಾರಿಯಲ್ಲಿ ಸಿಕ್ಕಳು," ಎಂದಳು ಅಕ್ಕ. "ಯಂತ್ರ ಕೆಟ್ಟಿದೆಯಂತೆ, ಅಪ್ಪನ ದನಿ ಅದರಲ್ಲೇ ಇದೆಯಂತೆ. ನನಗೆ ಹೊರಗಿನವರಿಂದ ಗೊತ್ತಾಗಬೇಕಾ? ನಾಲಿಗೆ ಚಾಚು ನೋಡೋಣ, ಇದೆಯೋ ಇಲ್ಲವೋ."

"ಬೈಬೇಡಿ ಅಕ್ಕ," ಎಂದಳು ಅವಳು. "ನಿಮ್ಮ ತಮ್ಮನಂಥ ಗಿರಾಕಿ ನನಗೆ ಸಿಕ್ಕೇ ಇಲ್ಲ. ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ."

ಐದು ಸಲ ಉರುಹೊಡೆದ ಮಾತು ಗಾಳಿ ಹೋದ ಚೆಂಡಿನಂತೆ ಮುದುಡಿತು. ಹಜಾರದಲ್ಲಿ ಮೇಷ್ಟ್ರು ಗಟ್ಟಿಯಾಗಿ ಕೆಮ್ಮಿದರು. ಅಕ್ಕ ಅವರಿಗೆ ಬಿಸಿನೀರು ಕುಡಿಯಲು ಹೇಳಿದಳು.

ಅವಳು ಹಳೆಯ ಕಾರ್ಡು ತೆಗೆದು ಹೊಸದನ್ನು ಕೂರಿಸಿದಳು. ಯಂತ್ರ ಹಚ್ಚಿದಳು. ಕಪ್ಪು ಪರದೆಯ ಮೇಲೆ ಸಾಲುಗಳು ಮೂಡಿದವು.

"ಈ ಹೊಸ ಯಜಮಾನನಿಗೆ ಮಕ್ಕಳ ಪರಿಚಯ ಇಲ್ಲ," ಎಂದು ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಇವರು ನಮ್ಮವರಾ, ಒಳಗೆ ಸೇರಿಸಿಕೊಳ್ಳಲಾ ಅಂತ ಕೇಳ್ತಿದೆ. ಒತ್ತಿದ ಮೇಲೆ ಎಲ್ಲರೂ ಗಟ್ಟಿಯಾಗಿ ಕೂತಿರಬೇಕು. ನಡುವೆ ಯಾರಾದ್ರೂ ಎದ್ದು ಹೋದ್ರೆ ಹಳೇದು ಹೊಸದು ಕಲಸಿಹೋಗುತ್ತೆ. ಆಮೇಲೆ ದೇವರೂ ಬಿಡಿಸೋಕಾಗಲ್ಲ."

"ಎದ್ದು ಹೋಗ್ತಾರಾ?" ಎಂದಳು ಅಕ್ಕ.

"ಯಾರೂ ಮುಟ್ಟಿಲ್ಲವಲ್ಲ. ಧೈರ್ಯವಾಗಿ ಒತ್ತಬಹುದು. ನೋಡಿ, ನಾಲ್ಕೂ ಕಾಣಿಸ್ತಿವೆ. ಇದೇ ಗಳಿಗೆ."

ಅವಳ ಬೆರಳು ಇಳಿಯಿತು.

ಅವನ ಕೈ ಅದಕ್ಕಿಂತ ಬೇಗ ಇಳಿಯಿತು. ಅವಳ ಬೆರಳಿಗೂ ಕೀಲಿಮಣೆಗೂ ನಡುವೆ ಅವನ ಅಂಗೈ ಚಪ್ಪಟೆಯಾಗಿ ತೂರಿ, ಕೀಲಿಗೆ ತಾಗದೆ ನಿಂತಿತು. ಆ ಕೈಯ ಬೆನ್ನಿನ ಮೇಲೆ ಅವಳ ಬೆರಳು ನಿಂತಿತು.

"ಒತ್ತಬೇಡಿ. ನಾನು ಮುಟ್ಟಿದೀನಿ."

"ಕಾಣಿಸ್ತಿದೆ," ಎಂದಳು ಅಕ್ಕ, ಆ ಕೈಗಳನ್ನೇ ನೋಡುತ್ತ.

"ಡಿಸ್ಕ್ ಮುಟ್ಟಿದೀನಿ. ನಾಲ್ಕನ್ನೂ ಎಳೆದೆ. ಒರೆಸಿದೆ. ಲೇಬಲ್ ಅಂಟಿಸಿದೆ. ಎರಡು ಕಟಕ್ ಅನ್ನಲಿಲ್ಲ."

ಅವಳು ಬೆರಳು ಹಿಂದಕ್ಕೆ ತೆಗೆದಳು. ಯಂತ್ರ ಆರಿಸಿ, ಮುಚ್ಚಳ ತೆರೆದು, ಕೊನೆಯ ಡ್ರಾಯರನ್ನು ಎಳೆದಳು. ಅದು ಪಕ್ಕೆ ಉಜ್ಜಿಕೊಂಡು ಕಿರಕಿರ ಎಂದು ಹೊರಬಂತು. ಬದಿಯಲ್ಲಿ ಅಚ್ಚುಕಟ್ಟಾದ ಲೇಬಲ್. ನಂಬರ್, ತಾರೀಖು, ಕೆಳಗೆ 'ಗ್ರಂಥಾಲಯದ ಆಸ್ತಿ' ಎಂದು ದುಂಡನೆಯ ಅಕ್ಷರ. ಆ ದಪ್ಪಕ್ಕೆ ಡಿಸ್ಕು ಪೂರ್ತಿ ಒಳಗೆ ಹೋಗದೆ, ಅದರ ಹಿಂದಿನ ತುದಿ ಕೂದಲೆಳೆಯಷ್ಟು ದೂರವೇ ನಿಂತು, ಒಮ್ಮೆ ಸೋಕಿ, ಒಮ್ಮೆ ಸೋಕದೆ ಇದ್ದದ್ದು ಅವಳಿಗೆ ಅರ್ಥವಾಯಿತು.

ಅವಳು ನಗಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು; ಬೈಯಲೂ ಇಲ್ಲ. ಟಿಪ್ಪಣಿ ಪುಸ್ತಕ ತೆರೆದು 'ನಂಬಬಹುದು' ಎಂಬ ಮಾತಿನ ಮೇಲೆ ಒಂದು ಗೆರೆ ಎಳೆದಳು.

"ಹನ್ನೊಂದು ವರ್ಷದಲ್ಲಿ ಒಬ್ಬರನ್ನ ನಂಬಿದ್ದೆ," ಎಂದಳು. "ಯಾಕೆ ಹೇಳಲಿಲ್ಲ?"

"ನಿಮ್ಮ ಮುಂದೆ ದಡ್ಡ ಅನ್ನಿಸಿಕೊಳ್ಳೋಕೆ ಇಷ್ಟ ಇರಲಿಲ್ಲ."

"ಈಗ?"

"ಈಗ ದಡ್ಡನೂ ಹೌದು, ಸುಳ್ಳನೂ ಹೌದು. ಮುಂಚೇನೇ ಹೇಳಿದ್ರೆ ಒಂದರಲ್ಲಿ ಮುಗೀತಿತ್ತು."

ಅವಳ ತುಟಿಯ ಒಂದು ಕೊನೆ ಅಲುಗಿದಂತಿತ್ತು. ನಗುವೋ ಅಲ್ಲವೋ ತಿಳಿಯುವ ಮೊದಲೇ ಯಂತ್ರದ ಕಡೆಗೆ ತಿರುಗಿಕೊಂಡಳು.

"ಲೇಬಲ್ ಕೀಳಬೇಕು. ಕೆರೆದ್ರೆ ಪುಡಿ ಒಳಗೆ ಹೋಗುತ್ತೆ."

"ಸರೀರಿ," ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಪಟ್ಟಿ ಬಿಚ್ಚೋದು ನನ್ನ ಕೆಲಸ. ನೋವಾಗದ ಹಾಗೆ ಬಿಚ್ತೀನಿ."

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ತುದಿಯಿಂದ ಅಕ್ಕ ಲೇಬಲಿನ ಅಂಚು ನೆನೆಸಿದಳು, ತಾಳ್ಮೆಯಿಂದ ಸುಲಿದಳು, ಒಣ ಬಟ್ಟೆಯಲ್ಲಿ ಒತ್ತಿದಳು. ನಾಲ್ಕು ಲೇಬಲುಗಳೂ ಹರಿಯದೆ ಬಂದವು. ತಮ್ಮ ಅವುಗಳನ್ನು ಎತ್ತಿಟ್ಟುಕೊಳ್ಳಲು ಕೈಚಾಚಿದ. ಅಕ್ಕ ಆ ಕೈಗೆ ಒಂದೇಟು ಕೊಟ್ಟಳು.

ಕಾರ್ಡಿನ ತಪ್ಪೇನೂ ಇರಲಿಲ್ಲ. ಅವಳು ಹಳೆಯ ಯಜಮಾನನನ್ನೇ ತಿರುಗಿ ಅವನ ಜಾಗದಲ್ಲಿ ಕೂರಿಸಿದಳು. ಡಿಸ್ಕುಗಳು ಚೆನ್ನಾಗಿ ಒಣಗಲೆಂದು ಒಂದು ಗಂಟೆ ಫ್ಯಾನಿನ ಕೆಳಗಿಟ್ಟರು. ಅಕ್ಕ ಡಬ್ಬಿ ಬಿಚ್ಚಿ, ಅವಳಿಗೂ ಬಡಿಸಿದಳು. ಅವಳು ತಿಂದಳು. ಅವನ ಕಡೆ ನೋಡಲಿಲ್ಲ; ಆದರೆ ಉಪ್ಪು ಬೇಕಾದಾಗ ಅವನ ಕಡೆಗೇ ಕೈ ಚಾಚಿದಳು. ಅಷ್ಟಕ್ಕೇ ಅವನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದ.

ಆಮೇಲೆ ಡ್ರಾಯರುಗಳು ಒಂದೊಂದೇ ಒಳಗೆ ಸರಿದವು.

ಕಟಕ್.

"ಒಂದು," ಎಂದರು ಹಜಾರದಿಂದ ಮೇಷ್ಟ್ರು.

ಕಟಕ್. "ಎರಡು." ಕಟಕ್. "ಮೂರು."

ನಾಲ್ಕನೆಯದಕ್ಕೆ ಅವಳು ಸ್ವಲ್ಪ ತಡೆದು, ಡ್ರಾಯರನ್ನು ಅವನ ಕೈಗೆ ಕೊಟ್ಟಳು. "ನೀವೇ ಎಳೆದದ್ದು. ನೀವೇ ಕೂರಿಸಿ."

ಕಟಕ್.

"ಲೆಕ್ಕ ಸರಿಹೋಯ್ತು," ಎಂದರು ಮೇಷ್ಟ್ರು.

ನಾಲ್ಕು ಪುಟ್ಟ ಹಸಿರು ದೀಪಗಳು ಮಿಟುಕಿದವು. ಕಪ್ಪು ಪರದೆ ಕೇಳಿತು: ತಿರುಗಿ ಬಂದವರನ್ನು ಸೇರಿಸಿಕೊಳ್ಳಲೇ? ಅವಳು ಕೀಲಿ ತೋರಿಸಿದಳು, ಅವನು ಒತ್ತಿದ. ಒಂದು ಡಿಸ್ಕು ಮಾತ್ರ ಸ್ವಲ್ಪ ಹಿಂದುಳಿದಿತ್ತು. ಅದಕ್ಕೆ ಉಳಿದ ಮೂವರು ಪಾಠ ಹೇಳಿಕೊಡುತ್ತಾರೆ, ಸಂಜೆಯವರೆಗೆ ಆಗುತ್ತದೆ, ಅಷ್ಟರಲ್ಲಿ ಕೇಳಬಹುದು ಎಂದಳು ಅವಳು. ಯಂತ್ರ ಎದ್ದಿತು.

"ಅಪ್ಪನ್ನ ಹಾಕೋ," ಎಂದಳು ಅಕ್ಕ. ದನಿಯಲ್ಲಿ ನರ್ಸು ಇರಲಿಲ್ಲ.

"ಯಾವ ಅಧ್ಯಾಯ?"

"ಹತ್ತೊಂಬತ್ತು ಹಾಕಪ್ಪ," ಎಂದರು ಮೇಷ್ಟ್ರು. "ಹದಿನೆಂಟರವರೆಗೆ ನನಗೆ ಬಾಯಿಪಾಠ."

ಎಲ್ಲರೂ ಹಜಾರಕ್ಕೆ ಬಂದು ಕುಳಿತರು. ಅವನು ಗುಂಡಿ ಒತ್ತಿದ. ಸ್ಪೀಕರ್ ಪೆಟ್ಟಿಗೆಯಿಂದ ಏನೂ ಬರಲಿಲ್ಲ. ಎರಡು ಸೆಕೆಂಡು, ನಾಲ್ಕು, ಆರು. ಅವಳು ಎದ್ದು ದನಿ ಏರಿಸಲು ಕೈ ಚಾಚಿದಳು.

"ತಾಳಿ," ಎಂದರು ಮೇಷ್ಟ್ರು ಮೆಲ್ಲಗೆ. "ಪ್ರಾರ್ಥನೆ ಮಾಡ್ತಿದಾರೆ. ಯಾವಾಗಲೂ ಹನ್ನೊಂದು ಸೆಕೆಂಡು."

ಸತ್ತವರ ಮೌನವೇ ಬೇರೆ, ಬದುಕಿದ್ದವನು ಕಣ್ಣುಮುಚ್ಚಿ ಕುಳಿತ ಮೌನವೇ ಬೇರೆ. ಆ ಕೋಣೆಯಲ್ಲಿದ್ದವರಿಗೆ ಅದು ತಿಳಿಯಿತು. ಅಕ್ಕ ಕೈ ಮುಗಿದಳು.

"ಅಧ್ಯಾಯ ಹತ್ತೊಂಬತ್ತು," ಎಂದು ಅಪ್ಪ ಕೂಗಿದರು. "ಅಧ್ಯಾಯ ಹತ್ತೊಂಬತ್ತು."

ಇಳಿಯುವವರು ಯಾರಾದರೂ ಇದ್ದಾರೋ ಎಂದು ನೋಡಿದಂತೆ ಒಂದು ಕ್ಷಣ ನಿಲ್ಲಿಸಿ, ಓದತೊಡಗಿದರು. ಅದೇ ತುಂಬಿದ, ಸ್ವಲ್ಪ ಒರಟು ದನಿ. ಅರ್ಧ ಪುಟ ಸಾಗಿರಬೇಕು, ತಟ್ಟನೆ ಓದು ನಿಂತಿತು.

"ಪುಟ್ಟಾ, ಫ್ಯಾನ್ ಆರಿಸು. ಸದ್ದು ಬರ್ತಿದೆ."

ಗ್ರಂಥಪಾಲಕ ಎದ್ದ. ಗೋಡೆಯ ಬಳಿ ಹೋಗಿ ಫ್ಯಾನ್ ಆರಿಸಿದ. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತ. ತಾನು ಏನು ಮಾಡಿದೆನೆಂದು ಆಮೇಲೆ ಅವನಿಗೆ ಹೊಳೆಯಿತು. ತಿರುಗಲಾಗಲಿಲ್ಲ. ಹದಿನಾಲ್ಕು ತಿಂಗಳು ತಡೆದು ನಿಲ್ಲಿಸಿದ್ದು ಗೋಡೆಯ ಕಡೆ ಮುಖಮಾಡಿ ಹರಿಯಿತು.

ಪೆಟ್ಟಿಗೆಯೊಳಗಿನ ಅಪ್ಪನಿಗೆ ಅದು ಕಾಣುವುದೆಲ್ಲಿ. ಅವರು ಗೊಣಗಿದರು:

"ಎಲ್ಲಿ ಕೇಳಿಸುತ್ತೆ ಇವನಿಗೆ. ಆ ರಿಪೇರಿ ಹುಡುಗಿ ವೈರ್ ಸರಿ ಮಾಡ್ತಿದಾಳೆ, ಇವನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದಾನೆ. ಕರೆಂಟ್ ಇದೆ. ಆದ್ರೂ ಟಾರ್ಚ್." ಒಂದು ನಿಟ್ಟುಸಿರು. "ದೇವರೇ, ಇವನಿಗೊಂದು ಬಾಯಿ ಕೊಡಪ್ಪ. ಹೋಗಲಿ, ಎಲ್ಲಿದ್ದೆ? ಹಾಂ, ಎರಡನೇ ಪ್ಯಾರಾ."

ಓದು ಮುಂದುವರಿಯಿತು. ಅಕ್ಕ ಒಂದು ಕಣ್ಣಿನಲ್ಲಿ ಅಳುತ್ತ ಇನ್ನೊಂದರಲ್ಲಿ ನಗುತ್ತಿದ್ದಳು. ಮೇಷ್ಟ್ರು ಗಂಭೀರವಾಗಿ ಚಾವಣಿಯ ಕಡೆ ಮುಖ ಮಾಡಿದ್ದರು. ಗ್ರಂಥಪಾಲಕನಿಗೆ ಗೋಡೆಯೊಳಗೆ ಹೊಕ್ಕುಬಿಡಲು ಬಾಗಿಲಿದ್ದಿದ್ದರೆ, ಅದಕ್ಕೆ ನಂಬರ್ ಇದೆಯೋ ಇಲ್ಲವೋ ನೋಡದೆ ಹೊಕ್ಕುಬಿಡುತ್ತಿದ್ದ.

ಅಧ್ಯಾಯ ಮುಗಿಯಿತು. ಅವಳು ಬಂದು ಅವನ ಬಳಿ ನಿಂತಳು.

"ಅವತ್ತು ಕರೆಂಟ್ ಇದ್ದದ್ದು ನನಗೂ ಗೊತ್ತಿತ್ತು," ಎಂದಳು.

"ಮತ್ತೆ ಟಾರ್ಚ್ ಬೇಡ ಅನ್ನಲಿಲ್ಲ?"

"ಅನ್ನಲಿಲ್ಲ." ಅವಳು ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸಿದಳು. "ಹದಿನೈದು ನಿಮಿಷದ ಕೆಲಸಾನ ಒಂದೂವರೆ ಗಂಟೆ ಮಾಡಿದ್ದೆ. ಅಷ್ಟಾದ್ರೂ ತಿಳೀಬಾರದಾ? ಆಮೇಲೆ ಒಂದೂ ಕಾಲು ವರ್ಷ ಒಂದು ಫೋನಿಲ್ಲ. ನನ್ನ ಅಂಗಡಿ ಕಾರ್ಡ್ ಬಿಸಾಕಿದ್ರೇನೋ ಅಂದ್ಕೊಂಡೆ."

ಅವನು ಮೇಜಿನ ಬಳಿ ಹೋಗಿ, ಕೆಳಗಿನ ಡ್ರಾಯರ್ ತೆರೆದು, ಒಂದು ಚೀಟಿ ತಂದುಕೊಟ್ಟ. ಅವಳ ಅಂಗಡಿಯ ಕಾರ್ಡು. ಹಿಂದೆ ಅಚ್ಚುಕಟ್ಟಾದ ನಂಬರ್. ಅದರ ಕೆಳಗೆ, ಯಾರಿಗೂ ಎರವಲು ಕೊಡದ ಅಪರೂಪದ ಪುಸ್ತಕಗಳಿಗೆ ಹಾಕುವ ಕೆಂಪು ಮೊಹರು: 'ಹೊರಗೆ ಕೊಡತಕ್ಕದ್ದಲ್ಲ'.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಕಿವಿಯ ತುದಿ ಕೆಂಪೇರಿತು.

"ಕಳೆದುಹೋಗಬಾರದ್ದಕ್ಕೆಲ್ಲ ಅಂಟಿಸ್ತೀನಿ," ಎಂದ ಅವನು.

"ಇದೆಲ್ಲ ಸರಿ. ಬಾಯಿಬಿಟ್ಟು ಹೇಳಿ. ಬರೆದದ್ದು ಮೇಷ್ಟ್ರಿಗೆ ಹೇಗೆ ಕೇಳಿಸಬೇಕು?"

"ನನಗೇನೂ ಅವಸರ ಇಲ್ಲ," ಎಂದರು ಮೇಷ್ಟ್ರು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ.

ಅವನು ಕಣ್ಣು ಮುಚ್ಚಿದ. ಹನ್ನೊಂದು ಸೆಕೆಂಡು ಹಾಗೇ ನಿಂತ. ಆಮೇಲೆ, ಅಪ್ಪನ ದನಿಯಷ್ಟು ಗಟ್ಟಿಯಾಗಿ ಅಲ್ಲದಿದ್ದರೂ, ಹಜಾರಕ್ಕೆಲ್ಲ ಕೇಳುವಂತೆ ಹೇಳಿದ: "ನೀವು ನನಗೆ ಬೇಕು. ಯಂತ್ರ ಚೆನ್ನಾಗಿದ್ದಾಗಲೂ ಬೇಕು. ಸುಳ್ಳು ಇನ್ನು ಹೇಳಲ್ಲ."

ಅವಳು ಟಿಪ್ಪಣಿ ಪುಸ್ತಕ ತೆರೆದಳು. ಹೊಡೆದುಹಾಕಿದ ಮಾತಿನ ಪಕ್ಕದಲ್ಲಿ, ತಡಮಾಡದೆ, ಅದೇ ಮಾತನ್ನು ಮತ್ತೊಮ್ಮೆ ಬರೆದಳು. ಪುಟ ಅವನ ಕಡೆ ತಿರುಗಿಸಿದಳು.

"ಏನು ಬರೆದಳಪ್ಪ?" ಎಂದರು ಮೇಷ್ಟ್ರು.

"ನಂಬಬಹುದು ಅಂತ," ಎಂದಳು ಅಕ್ಕ, ಇಣುಕಿ ನೋಡಿ. "ಸದ್ಯಕ್ಕೆ."

"ಸದ್ಯಕ್ಕೆ ಅಂತ ನಾನು ಬರೆದಿಲ್ಲ ಅಕ್ಕ."

"ಅದು ನಾನು ಸೇರಿಸಿದ್ದು. ನಾನು ಇವನನ್ನ ಹುಟ್ಟಿದಾಗಿಂದ ನೋಡ್ತಿದೀನಿ."

*

ಮೂರು ವಾರದ ಮೇಲೆ ಒಂದು ಮಧ್ಯಾಹ್ನ, ಪರದೆಗಳ ಕೋಣೆಯಲ್ಲಿ, ಗ್ರಂಥಪಾಲಕ ಅಪ್ಪನ ಕುರ್ಚಿಯಲ್ಲಿ ಕುಳಿತು ಅಪ್ಪ ಬಿಟ್ಟ ಪುಟ ತೆರೆದ. ಮುಗಿಯದ ಪುಸ್ತಕಕ್ಕೆ ನಂಬರ್ ಕೊಡಲಾಗದು. ಮುಗಿಸಬೇಕಾದವನು ತಾನೇ ಎಂದು ಅವನಿಗೆ ಕೊನೆಗೂ ತಿಳಿದಿತ್ತು. ಹೊರಗೆ ಹಜಾರದಲ್ಲಿ ಮೇಷ್ಟ್ರೂ ಅಕ್ಕನೂ ಉಸಿರು ಹಿಡಿದು ಕುಳಿತಿದ್ದರು. ಫ್ಯಾನ್ ಮೊದಲೇ ಆರಿಸಲಾಗಿತ್ತು. ಯಂತ್ರದ ನಾಲ್ಕು ದೀಪಗಳೂ ಹಸಿರಾಗಿದ್ದವು.

ಅವನು ಹನ್ನೊಂದು ಸೆಕೆಂಡು ಕಣ್ಣು ಮುಚ್ಚಿದ.

"ಅಧ್ಯಾಯ ಇಪ್ಪತ್ತು," ಎಂದ. ತನ್ನ ದನಿಯಲ್ಲಿ ಇನ್ನೊಂದು ದನಿ ಕೇಳಿಸಿತೋ ಏನೋ, ಒಂದು ಕ್ಷಣ ನಿಂತ. "ಅಧ್ಯಾಯ ಇಪ್ಪತ್ತು."

ಕಣ್ಣು ಬಿಟ್ಟಾಗ ಪುಟದ ಮೇಲೆ ದುಂಡನೆಯ ಬೆಳಕು ಬಿದ್ದಿತ್ತು. ಅವನ ಪಕ್ಕದಲ್ಲಿ, ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಅವಳು ಟಾರ್ಚ್ ಹಿಡಿದು ನಿಂತಿದ್ದಳು.

ಕರೆಂಟ್ ಇತ್ತು.